ಬಾನುಲಿಯ ದನಿಗೆ ಸುದ್ದಿಯ ಹಕ್ಕು

ಪತ್ರಕರ್ತನೊಬ್ಬನ ಬದುಕನ್ನು ಬರೆಯುವವರು ಅವನ ಪ್ರತಿಭೆ, ಧೈರ್ಯ ಮತ್ತು ಭಾಷೆಯ ಮೇಲಿನ ಹಿಡಿತವನ್ನು ಮುಖ್ಯವಾಗಿ ಗಮನಿಸುವುದು ವಾಡಿಕೆ. ಅವನು ದುಡಿದ ಮಾಧ್ಯಮಕ್ಕೆ ಕಾನೂನು ಎಷ್ಟು ಮಾತನ್ನು ಬಿಟ್ಟುಕೊಟ್ಟಿತ್ತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಐರ್ಲೆಂಡಿನಲ್ಲಿ ಬಾನುಲಿಯ ಮುಂದೆ ಕುಳಿತು ಮಾತನಾಡುವವನೇ ದೇಶದ ಮುಂಚೂಣಿಯ ಪತ್ರಕರ್ತನಾಗಿ ಬೆಳೆಯಲು ಸಾಧ್ಯವಾಯಿತು. ಕನ್ನಡ ನಾಡಿನಲ್ಲಿ ಅಂಥದೇ ಕಸುವುಳ್ಳವರು ಪತ್ರಿಕೆಯ ಹಾದಿಯನ್ನೇ ಹಿಡಿಯಬೇಕಾಯಿತು. ಈ ಅಂತರಕ್ಕೆ ಜನರ ಯೋಗ್ಯತೆ ಕಾರಣವಾಗಿರದೆ ಬಾನುಲಿಯ ಮೇಲಿನ ಸರಕಾರಿ ಕಟ್ಟುಪಾಡು ಕಾರಣವಾಗಿದೆ ಎಂಬುದನ್ನೂ, ಆ ಕಟ್ಟುಪಾಡು ಇಂದಿಗೂ ಹಳ್ಳಿಗಳನ್ನು ತಮ್ಮದೇ ಸುದ್ದಿಯಿಂದ ದೂರವಿಟ್ಟಿದೆ ಎಂಬುದನ್ನೂ ಇಲ್ಲಿ ಪರಿಶೀಲಿಸಬೇಕಾಗಿದೆ.

ಈ ಪರಿಶೀಲನೆಗೆ ಹಾವೇರಿ ಸೀಮೆ ತಕ್ಕ ನೆಲೆ. ಬ್ರಿಟಿಷರ ಕಾಲದಲ್ಲಿ ಹಾನಗಲ್ಲ, ಹಿರೇಕೆರೂರು ಮತ್ತು ಶಿಗ್ಗಾಂವಿ ತಾಲೂಕಿನ ದುಂಡಸಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ ಸವಣೂರು ನವಾಬರ ಸಂಸ್ಥಾನವಾಗಿತ್ತು. 1956ರ ನವೆಂಬರ್ 1ರ ಏಕೀಕರಣದಿಂದ ಈ ಊರುಗಳೆಲ್ಲ ಒಂದೇ ಕನ್ನಡ ರಾಜ್ಯದೊಳಗೆ ಬಂದವು. ಆ ಏಕೀಕರಣಕ್ಕಾಗಿ ಲೇಖನಿ ಹಿಡಿದವರಲ್ಲಿ ಹಾವೇರಿ ತಾಲೂಕಿನ ಕುರಬಗೊಂಡದಲ್ಲಿ ಹುಟ್ಟಿದ ಪಾಟೀಲ ಪುಟ್ಟಪ್ಪ ಅಗ್ರಗಣ್ಯರು. ಬೆಳಗಾವಿಯಲ್ಲಿ ಕಾನೂನು ಓದಿ, 1949ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಪತ್ರಿಕೋದ್ಯಮವನ್ನು ಶಾಸ್ತ್ರವಾಗಿ ಕಲಿತು ಬಂದ ಅವರು 1954ರಲ್ಲಿ ಹುಬ್ಬಳ್ಳಿಯಿಂದ ‘ಪ್ರಪಂಚ’ ವಾರಪತ್ರಿಕೆಯನ್ನು ಆರಂಭಿಸಿದರು. ಮುಂದೆ ‘ವಿಶ್ವವಾಣಿ’ ದಿನಪತ್ರಿಕೆಯನ್ನೂ ನಡೆಸಿ, 1962ರಿಂದ 1974ರವರೆಗೆ ರಾಜ್ಯಸಭೆಯಲ್ಲಿ ಕೂತು, ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾಗಿ, 2020ರ ಮಾರ್ಚ್ 16ರಂದು ತೀರಿಕೊಳ್ಳುವವರೆಗೂ ಕನ್ನಡದ ಪರವಾಗಿ ಗಟ್ಟಿ ದನಿಯಲ್ಲಿ ಮಾತನಾಡುತ್ತಲೇ ಇದ್ದರು. ಅಧಿಕಾರಿಯನ್ನೂ ಮಂತ್ರಿಯನ್ನೂ ಹೆಸರು ಹಿಡಿದು ಪ್ರಶ್ನಿಸುವುದು ಅವರ ಬರವಣಿಗೆಯ ಸ್ವಭಾವವೇ ಆಗಿತ್ತು; ಆ ಪ್ರಶ್ನೆಗಳನ್ನು ಕೇಳಲು ಅವರಿಗೆ ಸ್ವಂತದ ಪತ್ರಿಕೆಯಿತ್ತು, ಅದನ್ನು ಹೊರಡಿಸಲು ಸರಕಾರದ ಮರ್ಜಿ ಕಾಯಬೇಕಾಗಿರಲಿಲ್ಲ.

ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ ಇನ್ನೊಂದು ಪ್ರಬಲ ಮಾಧ್ಯಮವೂ ಬೇರು ಬಿಡುತ್ತಿತ್ತು. ಕನ್ನಡಕ್ಕೆ ಬಾನುಲಿಯನ್ನು ತಂದವರು ಸರಕಾರದವರಲ್ಲ, ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು; 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣ ಪ್ರಸಾರಯಂತ್ರವಿಟ್ಟು ಅವರು ಆರಂಭಿಸಿದ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. 1950ರ ಜನವರಿಯಲ್ಲಿ ಧಾರವಾಡ ಕೇಂದ್ರ ಶುರುವಾದ ಮೇಲೆ ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿ, ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿ, ಎನ್ಕೆ ಕುಲಕರ್ಣಿಯವರು ನಾಟಕ ಮತ್ತು ರೂಪಕಗಳ ನಿರ್ಮಾಪಕರಾಗಿ ಅಲ್ಲಿ ದುಡಿದರು. ಧಾರವಾಡ ಸೀಮೆಯ ಆಡುಮಾತಿಗೆ ಗೌರವ ತಂದುಕೊಟ್ಟ, ರೈತರಿಗೆ ಬೇಸಾಯದ ತಿಳಿವಳಿಕೆಯನ್ನೂ ಪೇಟೆ ಧಾರಣೆಯನ್ನೂ ಮನೆಯಂಗಳಕ್ಕೆ ಮುಟ್ಟಿಸಿದ ಆ ಕೇಂದ್ರದ ಸೇವೆಯನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಅದು ಸರಕಾರದ ಇಲಾಖೆಯೊಂದರ ಅಂಗವಾಗಿತ್ತು. 1953ರಲ್ಲಿ ಅದರಗುಂಚಿ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕೂತು ಹುಬ್ಬಳ್ಳಿ ಹೊತ್ತಿ ಉರಿದಾಗ ಪತ್ರಿಕೆಗಳು ಆಳುವವರನ್ನು ತರಾಟೆಗೆ ತೆಗೆದುಕೊಳ್ಳಬಹುದಾಗಿತ್ತು. ಇಲಾಖೆಯ ನೌಕರನಾದ ಪ್ರಸಾರಕನಿಗೆ ಆ ಅವಕಾಶವಿರಲಿಲ್ಲ. ಹೀಗೆ ಕನ್ನಡದ ಕೇಳುಗನಿಗೆ ಕಲೆ ಮತ್ತು ಕೃಷಿ ಬಾನುಲಿಯಿಂದಲೂ, ಪ್ರಶ್ನೆ ಮತ್ತು ವಾದ ಪತ್ರಿಕೆಯಿಂದಲೂ ಬರುವ ವಿಭಜನೆ ನೆಲೆಗೊಂಡಿತು. ಅಕ್ಷರ ಬಾರದವರ ಪಾಲಿಗೆ ಆ ಎರಡನೆಯದು ಪರರ ಓದಿನಿಂದ ಮಾತ್ರ ದಕ್ಕುವಂಥದಾಯಿತು.

ಈ ವಿಭಜನೆ ಅನಿವಾರ್ಯವಾಗಿರಲಿಲ್ಲ ಎಂಬುದಕ್ಕೆ ಐರ್ಲೆಂಡಿನ ಗೇ ಬರ್ನ್ ಅವರ ವೃತ್ತಿಜೀವನ ಸಾಕ್ಷಿ. 1934ರಲ್ಲಿ ಡಬ್ಲಿನ್ ನಗರದ ಸಾಮಾನ್ಯ ಕುಟುಂಬದಲ್ಲಿ ಹುಟ್ಟಿ, 1950ರ ದಶಕದಲ್ಲಿ ಐರಿಷ್ ಬಾನುಲಿಗೆ ಸೇರಿದ ಅವರು 1962ರಿಂದ 1999ರವರೆಗೆ ‘ದಿ ಲೇಟ್ ಲೇಟ್ ಶೋ’ ಎಂಬ ದೂರದರ್ಶನ ಚರ್ಚೆಯನ್ನೂ, 1973ರಿಂದ 1998ರವರೆಗೆ ಪ್ರತಿ ಬೆಳಗಿನ ಬಾನುಲಿ ಕಾರ್ಯಕ್ರಮವನ್ನೂ ನಡೆಸಿ 2019ರಲ್ಲಿ ತೀರಿಕೊಂಡರು. 1984ರ ಜನವರಿಯ ಕೊನೆಗೆ ಗ್ರಾನಾರ್ಡ್ ಎಂಬ ಸಣ್ಣ ಪಟ್ಟಣದಲ್ಲಿ, ಬಸುರಾದುದನ್ನು ಯಾರಿಗೂ ಹೇಳಲಾಗದ 15 ವರ್ಷದ ಬಾಲಕಿಯೊಬ್ಬಳು ಮೇರಿ ಮಾತೆಯ ಗುಹಾಲಯದಲ್ಲಿ ಒಂಟಿಯಾಗಿ ಹೆತ್ತು, ಮಗುವಿನೊಂದಿಗೆ ತಾನೂ ಸತ್ತಳು. ಆ ಸುದ್ದಿ ಹೊರಬಿದ್ದ ಮೇಲೆ ದೇಶದ ಮೂಲೆಮೂಲೆಯ ಹೆಂಗಸರು ತಾವು ಹತ್ತಾರು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಗುಟ್ಟಿನ ಬಸಿರು, ಕದ್ದು ಹೆತ್ತ ಹೆರಿಗೆ, ಮುಚ್ಚಿಹೋದ ಸಾವುಗಳ ಕಥೆಗಳನ್ನು ಕಾಗದದಲ್ಲಿ ಬರೆದು ಬರ್ನ್ ಅವರಿಗೆ ಕಳಿಸಿದರು. ಫೆಬ್ರವರಿಯ ಒಂದು ಬೆಳಗ್ಗೆ ಅವರ ಕಾರ್ಯಕ್ರಮದಲ್ಲಿ ಒಂದಾದ ಮೇಲೊಂದರಂತೆ ಆ ಕಾಗದಗಳನ್ನೇ ಓದಲಾಯಿತು. ಚರ್ಚು ಮತ್ತು ಸಮಾಜ ಸೇರಿ ಹೊರಿಸಿದ್ದ ಮೌನ ಮುರಿಯುವುದಕ್ಕೆ ಆ ಓದು ದೊಡ್ಡ ಕಾರಣವಾಯಿತು. ಬರೆದವರು ತಮ್ಮ ಅಡುಗೆಮನೆಯಲ್ಲಿ ನಿಂತೇ ತಮ್ಮ ಮಾತು ಇಡೀ ದೇಶಕ್ಕೆ ಕೇಳುತ್ತಿರುವುದನ್ನು ಕೇಳಿದರು. ಮುದ್ರಿತ ಪುಟಕ್ಕೆ ಅಷ್ಟು ಬೇಗ, ಅಷ್ಟು ಜನರನ್ನು ಒಟ್ಟಿಗೆ ಮುಟ್ಟುವ ಶಕ್ತಿ ಇಲ್ಲ.

ಗಮನಿಸಬೇಕಾದ ಸಂಗತಿಯೆಂದರೆ ಬರ್ನ್ ದುಡಿದದ್ದು ಖಾಸಗಿ ಸಂಸ್ಥೆಯಲ್ಲಲ್ಲ, ಸಾರ್ವಜನಿಕ ಒಡೆತನದ ಪ್ರಸಾರ ಸಂಸ್ಥೆಯಲ್ಲಿ. 1926ರಲ್ಲಿ ಆರಂಭವಾದ ಐರಿಷ್ ಬಾನುಲಿಯೂ ಮೊದಲಿಗೆ ಅಂಚೆ ಮತ್ತು ತಂತಿ ಇಲಾಖೆಯ ಕೈಕೆಳಗೇ ಇತ್ತು. 1960ರ ಕಾನೂನು ಅದನ್ನು ಇಲಾಖೆಯಿಂದ ಬಿಡಿಸಿ, ನಿಷ್ಪಕ್ಷಪಾತದ ಕಟ್ಟಳೆಯೊಂದಿಗೆ ಪ್ರತ್ಯೇಕ ಪ್ರಾಧಿಕಾರಕ್ಕೆ ಒಪ್ಪಿಸಿತು. 1988ರಲ್ಲಿ ಖಾಸಗಿ ಮತ್ತು ಸ್ಥಳೀಯ ಕೇಂದ್ರಗಳಿಗೆ ಅನುಮತಿ ಕೊಟ್ಟಾಗ, ಪ್ರಸಾರದ ಹೊತ್ತಿನಲ್ಲಿ ಶೇಕಡಾ 20ಕ್ಕೆ ಕಡಿಮೆಯಿಲ್ಲದಷ್ಟನ್ನು ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳಿಗೆ ಮೀಸಲಿಡಬೇಕೆಂದು ಅಲ್ಲಿನ ಕಾನೂನು ವಿಧಿಸಿತು. ಆ ದೇಶದ ದಾಖಲೆ ಪೂರ್ತಿ ಶುಭ್ರವಾಗಿಲ್ಲ. 1971ರಿಂದ 1994ರವರೆಗೆ ಕೆಲವು ಸಂಘಟನೆಗಳ ವಕ್ತಾರರ ದನಿ ಬಾನುಲಿಯಲ್ಲಿ ಕೇಳದಂತೆ ಸರಕಾರ ನಿರ್ಬಂಧಿಸಿತ್ತು. ಆದರೂ ಸುದ್ದಿಯನ್ನು ಬಾನುಲಿಯ ಕರ್ತವ್ಯವೆಂದು ಅಲ್ಲಿನ ಕಾನೂನು ಕಂಡಿತು. ಭಾರತದಲ್ಲಿ 1966ರಲ್ಲಿ ಚಂದಾ ಸಮಿತಿಯೂ 1978ರಲ್ಲಿ ವರ್ಗೀಸ್ ಸಮಿತಿಯೂ ಬಾನುಲಿಗೆ ಸ್ವಾಯತ್ತತೆಯನ್ನು ಶಿಫಾರಸು ಮಾಡಿದ್ದವು. ಆ ಸ್ವಾಯತ್ತತೆಗಾಗಿ 1990ರಲ್ಲಿ ಅಂಗೀಕಾರವಾದ ಪ್ರಸಾರ ಭಾರತಿ ಕಾಯಿದೆ ಜಾರಿಯಾದದ್ದು 1997ರಲ್ಲಿ. ಅದಕ್ಕೂ ಮೊದಲು, 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ಕೊಟ್ಟಿತ್ತು.

ಆ ತೀರ್ಪಿನ ನಂತರ ಎಫ್‌ಎಂ ಕೇಂದ್ರಗಳು ಬಂದವು; 2006ರ ನೀತಿ ಸಮುದಾಯ ಬಾನುಲಿಗೂ, ಅಂದರೆ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ಹತ್ತು ಹದಿನೈದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಸ್ಥಳೀಯರಿಗಾಗಿ ನಡೆಸುವ ಕೇಂದ್ರಗಳಿಗೂ, ಬಾಗಿಲನ್ನು ವಿಸ್ತಾರವಾಗಿ ತೆರೆಯಿತು; ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿ 2007ರಲ್ಲೇ ಶುರುವಾಯಿತು. ಇಂಥ ಕೇಂದ್ರದ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರು ಪಾಲ್ಗೊಂಡು ತಯಾರಾದವಾಗಿರಬೇಕು ಎಂದು ನೀತಿ ಹೇಳುತ್ತದೆ. ಆದರೆ ಖಾಸಗಿ ಎಫ್‌ಎಂ ಆಗಲಿ ಸಮುದಾಯ ಬಾನುಲಿಯಾಗಲಿ ತಾನೇ ಸುದ್ದಿ ಸಂಗ್ರಹಿಸಿ ಬಿತ್ತರಿಸುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಹವಾಮಾನ, ಸಂಚಾರ, ಪರೀಕ್ಷೆಯ ಫಲಿತಾಂಶ, ನೀರು ಮತ್ತು ಕರೆಂಟಿನ ಪ್ರಕಟಣೆ ಇಂಥವನ್ನು ಸುದ್ದಿಯಲ್ಲವೆಂದು ಪರಿಗಣಿಸಿ ಬಿಟ್ಟುಕೊಡಲಾಗಿದೆ.

ಈ ನಿಯಮದ ಅರ್ಥ ಹಳ್ಳಿಯ ಮಟ್ಟದಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ಸಮುದಾಯ ಬಾನುಲಿಯ ವ್ಯಾಪ್ತಿ ಸರಿಸುಮಾರು ಒಂದು ಹೋಬಳಿಯಷ್ಟು. ದುಂಡಸಿಯಲ್ಲಿ ಅಂಥದೊಂದು ಕೇಂದ್ರ ನೆಲೆಯೂರಿತೆಂದು ಭಾವಿಸಿದರೆ, ನಾಳೆ ನಳದ ನೀರು ಬರುವುದಿಲ್ಲ ಎಂದು ಅದು ಸಾರಬಹುದು, ಯಾಕೆ ಬರುವುದಿಲ್ಲ ಎಂದು ಪಂಚಾಯತಿಯನ್ನು ಕೇಳಿ ಆ ಉತ್ತರವನ್ನು ವರದಿ ಮಾಡುವಂತಿಲ್ಲ. ಗೋವಿನಜೋಳಕ್ಕೆ ಯೂರಿಯಾವನ್ನು ಯಾವಾಗ ಕೊಡಬೇಕೆಂದು ತಜ್ಞರಿಂದ ಹೇಳಿಸಬಹುದು, ಸೊಸಾಯಿಟಿಯಲ್ಲಿ ಯೂರಿಯಾ ಸಿಗದೆ ರೈತರು ಪಾಳಿ ಹಚ್ಚಿ ನಿಂತಿದ್ದಾರೆ ಎಂಬುದು ಸುದ್ದಿಯಾಗುವುದರಿಂದ ಅದನ್ನು ಹೇಳುವಂತಿಲ್ಲ. ಕಾಡಂಚಿನ ಹೊಲಕ್ಕೆ ಪ್ರಾಣಿಗಳು ನುಗ್ಗಿ ಬೆಳೆ ಹಾಳಾದರೆ ಪರಿಹಾರದ ಅರ್ಜಿ ಹಾಕುವ ಕ್ರಮವನ್ನು ತಿಳಿಸಬಹುದು, ಹಾಕಿದ ಅರ್ಜಿಗಳು ಏನಾದವು ಎಂದು ಬೆನ್ನುಹತ್ತಿ ಬಿತ್ತರಿಸುವಂತಿಲ್ಲ. ಧಾರವಾಡದ ಆಕಾಶವಾಣಿಗೆ ಪ್ರಾದೇಶಿಕ ವಾರ್ತಾ ವಿಭಾಗವಿದ್ದರೂ ಹಲವು ಜಿಲ್ಲೆಗಳನ್ನು ಕೆಲವೇ ನಿಮಿಷಗಳಲ್ಲಿ ಅಡಕ ಮಾಡಬೇಕಾದ ವಾರ್ತೆಯಲ್ಲಿ ಒಂದು ಹೋಬಳಿಯ ನೀರು, ಗೊಬ್ಬರಗಳಿಗೆ ಎಡೆ ಸಿಗುವುದು ದುರ್ಲಭ. ಜನರನ್ನು ಫಲಾನುಭವಿಗಳಾಗಿ ಮಾತ್ರ ಕಂಡು, ಪ್ರಶ್ನಿಸುವ ಪ್ರಜೆಗಳಾಗಿ ಕಾಣದ ನಿಯಮವಿದು.

ಈ ನಿಯಮದ ಪರವಾಗಿರುವ ವಾದಗಳನ್ನೂ ತೂಗಿ ನೋಡಬೇಕು. ಸಣ್ಣ ಕೇಂದ್ರಗಳು ಜಾತಿಯ ಜಗಳಕ್ಕೋ ಪಕ್ಷದ ಪ್ರಚಾರಕ್ಕೋ ಬಳಕೆಯಾಗಿ ಊರಿನ ನೆಮ್ಮದಿ ಕೆಡಬಹುದು ಎಂಬುದು ಮೊದಲನೆಯದು. ಈ ಅಂಜಿಕೆ ಹುರುಳಿಲ್ಲದ್ದಲ್ಲ; ಆದರೆ ಉಪಗ್ರಹ ವಾಹಿನಿಗಳು ದಿನದ 24 ತಾಸೂ ಸುದ್ದಿ ಕೊಡುತ್ತಿರುವಾಗ, ಮೊಬೈಲಿನಲ್ಲಿ ಹೆಸರಿಲ್ಲದ ವದಂತಿ ಕ್ಷಣಮಾತ್ರದಲ್ಲಿ ಹಬ್ಬುತ್ತಿರುವಾಗ, ವಿಳಾಸವಿರುವ, ಪರವಾನಿಗೆ ಪಡೆದ, ಬಿತ್ತರಿಸಿದ್ದನ್ನೆಲ್ಲ ಮೂರು ತಿಂಗಳು ಕಾದಿಡಬೇಕಾದ ಕೇಂದ್ರವನ್ನು ಮಾತ್ರ ಬಾಯಿ ಕಟ್ಟಿ ಕೂರಿಸುವುದು ತರ್ಕಕ್ಕೆ ನಿಲ್ಲುವುದಿಲ್ಲ. ಪ್ರಸಾರಕ ನಿಷ್ಪಕ್ಷಪಾತಿಯಾಗಿರಬೇಕಾದ್ದರಿಂದ ವಿವಾದಗಳಿಂದ ದೂರವಿರುವುದೇ ಮೇಲು ಎಂಬುದು ಎರಡನೆಯ ವಾದ. ಪಾಟೀಲ ಪುಟ್ಟಪ್ಪನವರ ಪತ್ರಿಕೆ ಕನ್ನಡದ ಪಕ್ಷ ಹಿಡಿದಿತ್ತು, ಅದಕ್ಕೆ ಆ ಸ್ವಾತಂತ್ರ್ಯವಿತ್ತು. ಸಾರ್ವಜನಿಕ ಅಲೆಗಳನ್ನು ಬಳಸುವವರಿಗೆ ಅಷ್ಟೇ ಸ್ವಾತಂತ್ರ್ಯ ಸಲ್ಲದೆನ್ನುವುದೂ ಸರಿಯೇ. ಆದರೆ ಎರಡೂ ಕಡೆಯವರನ್ನು ಕರೆದು ಕೇಳುವುದು ನಿಷ್ಪಕ್ಷಪಾತವೇ ಹೊರತು ಯಾರನ್ನೂ ಏನನ್ನೂ ಕೇಳದಿರುವುದು ನಿಷ್ಪಕ್ಷಪಾತವಾಗಲಾರದು; ಕೇಳದಿದ್ದರೆ ಅಧಿಕಾರದಲ್ಲಿರುವವರ ಕೈಯೇ ಮೇಲಾಗುತ್ತದೆ.

ಮೊಬೈಲಿನ ಕಾಲದಲ್ಲಿ ಬಾನುಲಿಯ ಚರ್ಚೆಯೇ ಅನಗತ್ಯವೆಂಬ ಮೂರನೆಯ ಮಾತೂ ಇದೆ. ಹೊಲದಲ್ಲಿ ಕೈತುಂಬ ಕೆಲಸವಿರುವವರು, ಓದು ಬರಹ ಬಾರದವರು, ಕಣ್ಣು ಮಂಜಾದ ಹಿರಿಯರು ಡೇಟಾದ ಖರ್ಚಿಲ್ಲದೆ ಪಡೆಯಬಹುದಾದ ಸುದ್ದಿಯ ಸಾಧನವೆಂದರೆ ಇಂದಿಗೂ ಬಾನುಲಿಯೇ. ಅದಕ್ಕಿಂತ ಮುಖ್ಯವಾಗಿ, ಹೋಬಳಿಯ ಸುದ್ದಿಯನ್ನು ಪರಿಶೀಲಿಸಿ, ತಪ್ಪಾದರೆ ತಿದ್ದಿ ಹೇಳುವ ಹೊಣೆಯನ್ನು ಮೊಬೈಲಿನ ಗುಂಪುಗಳು ಹೊರುವುದಿಲ್ಲ. ಆ ಹೊಣೆ ಹೊರುವ ಸಂಸ್ಥೆಯೊಂದು ಊರಿನ ಸನಿಹದಲ್ಲೇ ಇರಬೇಕಾಗುತ್ತದೆ.

ಕುರಬಗೊಂಡದಂಥ ಹಳ್ಳಿಯಲ್ಲಿ ಹುಟ್ಟಿದವರು ನಾಡಿನ ಪತ್ರಕರ್ತರಾಗಿ ಬೆಳೆಯಲು ಪತ್ರಿಕಾ ಸ್ವಾತಂತ್ರ್ಯ ಆಸರೆಯಾಯಿತು. ಅದೇ ಸೀಮೆಯ ಹುಡುಗನೋ ಹುಡುಗಿಯೋ ತಮ್ಮ ಆಡುಮಾತಿನಲ್ಲಿ, ತಮ್ಮ ಜನರ ಪರವಾಗಿ ಪ್ರಶ್ನೆ ಕೇಳುವ ಪ್ರಸಾರಕರಾಗಿ ಬೆಳೆಯಬೇಕಾದರೆ ಪರವಾನಿಗೆಯ ಕರಾರಿನಲ್ಲಿರುವ ಸುದ್ದಿಯ ನಿಷೇಧವನ್ನು ತೆಗೆದು, ಅದರ ಜಾಗದಲ್ಲಿ ಸತ್ಯನಿಷ್ಠೆ, ಸಮತೋಲನ ಮತ್ತು ತಪ್ಪೊಪ್ಪಿ ತಿದ್ದುವ ಕರ್ತವ್ಯವನ್ನು ಬರೆದು, ಅದರ ಮೇಲ್ವಿಚಾರಣೆಯನ್ನು ಸರಕಾರದಿಂದ ಸ್ವತಂತ್ರವಾದ ಪ್ರಾಧಿಕಾರಕ್ಕೆ ವಹಿಸಬೇಕು. ಸಮುದಾಯ ಬಾನುಲಿಗೆ, ಗ್ರಾಮ ಪಂಚಾಯತಿಯ ಸಭೆಯನ್ನು ವರದಿ ಮಾಡುವ ಹಕ್ಕನ್ನಾದರೂ ಕೂಡಲೇ ಕೊಟ್ಟು ಈ ಸುಧಾರಣೆಯನ್ನು ಆರಂಭಿಸಬಹುದು. ಅಲೆಗಳು ಜನರ ಸ್ವತ್ತೆಂದು ಒಪ್ಪಿದ ದೇಶ, ಆ ಅಲೆಗಳ ಮೇಲೆ ಜನರ ಸುದ್ದಿಯೂ ಸಾಗಲೆಂದು ಒಪ್ಪುವುದು ನ್ಯಾಯ.