ಸುರಂಗ ಕೊರೆದವರ ನೆರಳು

ಮೆಟ್ರೊ ನಿಲ್ದಾಣದಲ್ಲಿ ಕಲೆಗೆ ಜಾಗವೇಕೆ ಎಂದು ಕೇಳುವವರಿಗೆ, ಜಾಹೀರಾತಿಗೆ ಜಾಗವೇಕೆ ಎಂಬ ಪ್ರಶ್ನೆ ಏಕೋ ಹೊಳೆಯುವುದಿಲ್ಲ. ನಮ್ಮ ಮುಂಬೈಯ ಮೂರನೆಯ ಮೆಟ್ರೊ ಮಾರ್ಗ 2025ರ ಅಕ್ಟೋಬರಿನಲ್ಲಿ ಪೂರ್ಣವಾಗಿ ತೆರೆದುಕೊಂಡಿತು. 33.5 ಕಿಲೋಮೀಟರ್ ಉದ್ದ, 27 ನಿಲ್ದಾಣಗಳು. ಒಂದನ್ನುಳಿದು ಎಲ್ಲವೂ ನೆಲದಡಿಯವು. ಕೆಲವು ನಿಲ್ದಾಣಗಳ ಹೆಸರಿಗೆ ಬ್ಯಾಂಕಿನದೋ ವಿಮಾ ಕಂಪನಿಯದೋ ಹೆಸರು ಅಂಟಿಕೊಂಡಿದೆ. ಹಣ ಬೇಕು, ಒಪ್ಪೋಣ. ಆದರೆ ಬಂಡೆ ಒಡೆದವರ ಗುರುತು ಎಲ್ಲಿ?

ಈ ಪ್ರಶ್ನೆಯನ್ನು ನಮ್ಮಲ್ಲಿ ಎಬ್ಬಿಸಿದ್ದು ಸ್ಟಾಕ್‌ಹೋಮಿನ ಟಿ-ಸೆಂಟ್ರಾಲೆನ್ ನಿಲ್ದಾಣ. ಆ ನಗರದ 100 ನಿಲ್ದಾಣಗಳಲ್ಲಿ 90ಕ್ಕೂ ಹೆಚ್ಚಿನವುಗಳಲ್ಲಿ ಕಲಾಕೃತಿಗಳಿವೆ. ಇಲ್ಲಿನ ನೀಲಿ ಮಾರ್ಗ 1975ರಲ್ಲಿ ಆರಂಭವಾಯಿತು. ಅದರ ಪ್ಲಾಟ್‌ಫಾರ್ಮಿಗೆ ಇಳಿದರೆ ಗುಹೆಯನ್ನೇ ಹೊಕ್ಕಂತೆ. ಕೊರೆದ ಬಂಡೆಯ ಉಬ್ಬುತಗ್ಗುಗಳನ್ನು ಸಮಮಾಡದೆ ಹಾಗೆಯೇ ಬಿಟ್ಟಿದ್ದಾರೆ. ಆ ಬಿಳಿಯ ಕಮಾನುಗಳ ಮೇಲೆ ಪೆರ್ ಓಲೋಫ್ ಉಲ್ಟ್‌ವೆಟ್ ಎಂಬ ಕಲಾವಿದ ನೀಲಿಯ ಬಳ್ಳಿಗಳನ್ನೂ ಎಲೆಗಳನ್ನೂ ಹಬ್ಬಿಸಿದ್ದಾನೆ. ಅವಸರದ ಜನಕ್ಕೆ ನೀಲಿ ಸಮಾಧಾನ ಕೊಡಲೆಂಬುದು ಅವನ ಆಶಯವಂತೆ.

ನಮ್ಮನ್ನು ತಡೆದು ನಿಲ್ಲಿಸಿದ್ದು ಬಳ್ಳಿಗಳಲ್ಲ. ಒಂದು ಕಮಾನಿನಲ್ಲಿ ನಿಲ್ದಾಣವನ್ನು ಕಟ್ಟಿದ ಕೆಲಸಗಾರರ ನೀಲಿ ನೆರಳುಗಳಿವೆ. ಬೆಸುಗೆ ಹಾಕುವವರು, ಬಡಗಿಗಳು, ಬಣ್ಣ ಬಳಿಯುವವರು. ಅವರಿಗೆ ಮುಖವಿಲ್ಲ, ಹೆಸರೂ ಇಲ್ಲ. ಅದು ಆ ಕೃತಿಯ ಕೊರತೆಯೆಂದೇ ನಮ್ಮ ಅನಿಸಿಕೆ. ಆದರೂ ನಿತ್ಯ ಲಕ್ಷಾಂತರ ಜನ ಅವರ ಕೆಳಗೆ ಹಾದುಹೋಗುತ್ತಾರೆ.

ನಮ್ಮಲ್ಲಿ ಉಳಿಯುವುದು ಉದ್ಘಾಟನೆಯ ಶಿಲಾಫಲಕ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದಕ್ಕಾಗಿ ಕಡತಗಳು ಎಷ್ಟು ಮೇಜುಗಳನ್ನು ಸುತ್ತುತ್ತವೆ ಎಂಬುದನ್ನು ಸರ್ಕಾರಿ ನೌಕರರಾದ ನಾವು ಬಲ್ಲೆವು.

ಅದು ಸಿರಿವಂತ ದೇಶದ ಶೋಕಿ ಎನ್ನುವವರುಂಟು. ಅಲ್ಲಿ ಬಳಸಿದ್ದು ಬಣ್ಣ ಮತ್ತು ಬಂಡೆ, ಅಮೃತಶಿಲೆಯಲ್ಲ. ಮೇಲಾಗಿ, ಬಿಜಾಪುರ, ಗುಲ್ಬರ್ಗಾ ಸೀಮೆಯಿಂದ ಗುಳೆ ಬಂದು ಈ ಮಹಾನಗರದ ಕಟ್ಟಡಗಳಿಗೆ ಕಲ್ಲುಮಣ್ಣು ಹೊತ್ತವರ ಕನ್ನಡವನ್ನು ಕೇಳುತ್ತಲೇ ಇಲ್ಲಿ ನೆಲೆನಿಂತ ನಾವು ಇದನ್ನು ಪರರ ಸಂಗತಿ ಎನ್ನುವಂತಿಲ್ಲ. ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಅವರಿಗೆ ದೊರೆತ ಪುಟಗಳೆಷ್ಟು ಎಂಬುದನ್ನೂ ಒಮ್ಮೆ ಎಣಿಸಬಹುದು.

ಪ್ರತಿ ನಿಲ್ದಾಣದಲ್ಲೂ ಒಂದು ಗೋಡೆಯನ್ನು ಜಾಹೀರಾತಿನಿಂದ ಹೊರಗಿಡಲು ಟೆಂಡರಿನಲ್ಲಿ ಒಂದು ಷರತ್ತು ಸಾಕು. ಸ್ಟಾಕ್‌ಹೋಮ್ ಬರೆಯದ ಹೆಸರುಗಳನ್ನು ನಾವು ಬರೆಯಬಹುದು. ಕೂಲಿ ಕೊಡಲು ಹಾಜರಿ ಪಟ್ಟಿ ಇರಲೇಬೇಕಲ್ಲವೆ? ಗುತ್ತಿಗೆದಾರರು ಗಂಟುಮೂಟೆ ಕಟ್ಟುವ ಮೊದಲೇ ಅದನ್ನು ಕೇಳಿ ಪಡೆಯಬೇಕು.