ತಾಯಿಯ ತಟ್ಟೆಗೆ ಬೀಳಬೇಕಾದ ಪಾಲು

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ‘ಮಾತೃಪೂರ್ಣ’ ಯೋಜನೆಯಲ್ಲಿ ಒಂದು ಷರತ್ತಿತ್ತು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಎಲ್ಲ ಕೊಡುತ್ತೇವೆ. ಆದರೆ ಅಂಗನವಾಡಿಗೆ ಬಂದು ಅಲ್ಲೇ ಕೂತು ಉಣ್ಣಬೇಕು. ಇದು ಬರೀ ಅಧಿಕಾರಿಗಳ ಹಟವಾಗಿರಲಿಲ್ಲ. ಮನೆಗೆ ಕೊಟ್ಟು ಕಳಿಸಿದ ಪೌಷ್ಟಿಕ ಆಹಾರ ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಯಾರಿಗೆಂದು ಕೊಟ್ಟರೋ ಅವಳಿಗೇ ಉಳಿಯುವುದಿಲ್ಲ ಎಂಬ ಅನುಭವ ಅದರ ಹಿಂದಿತ್ತು.

ಅಂಗನವಾಡಿಯ ಮಧ್ಯಾಹ್ನವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಳು ತಿಂಗಳ ಬಸುರಿ ಅನ್ನ ಉಂಡು ಮುಗಿಸುತ್ತಾಳೆ, ಮೊಟ್ಟೆ ಮಾತ್ರ ತಟ್ಟೆಯ ಅಂಚಿನಲ್ಲೇ ಇರುತ್ತದೆ. ಕಾರ್ಯಕರ್ತೆ ಅತ್ತ ತಿರುಗಿದ್ದೇ ತಡ, ಅದು ಸೆರಗಿನೊಳಕ್ಕೆ ಹೋಗುತ್ತದೆ. “ಇಲ್ಲೇ ತಿನ್ನವ್ವ, ನಿಂಗೇ ಅಂತ ಕೊಟ್ಟಿರಾದು” ಎಂದರೆ, “ಸಣ್ಣೋಳು ಜ್ವರ ಬಂದು ಮನೇಲಿ ಮಲಗವ್ಳೆ ಕಣಕ್ಕ” ಎಂಬ ಉತ್ತರ. ಇಬ್ಬರ ಮಾತಿನಲ್ಲೂ ತಪ್ಪು ಹುಡುಕಲಾಗದು.

ತಾನು ಉಪವಾಸವಿದ್ದು ಮಕ್ಕಳಿಗೆ ಉಣಿಸಿದ ತಾಯಿಯನ್ನು ನಾವು ಸಿನಿಮಾದಲ್ಲಿ, ಭಾಷಣದಲ್ಲಿ, ಸನ್ಮಾನ ಪತ್ರಗಳಲ್ಲಿ ಬೇಕಾದಷ್ಟು ಕೊಂಡಾಡಿದ್ದೇವೆ. ಆ ಪ್ರೀತಿ ದೊಡ್ಡದೇ, ಅನುಮಾನವಿಲ್ಲ. ಆದರೆ ಕೊಂಡಾಡುವ ಭರದಲ್ಲಿ ಆಕೆಯ ಹಸಿವೂ ಒಂದು ಗುಣವಾಗಿಬಿಟ್ಟಿತು. ಅದನ್ನು ನೀಗಿಸಬೇಕೆಂಬ ಜರೂರು ಯಾರಿಗೂ ಉಳಿಯಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಗಂಡಸರಲ್ಲಿ ಶೇ 25. ಕರ್ನಾಟಕದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಲೆಕ್ಕದಲ್ಲಿದ್ದಾರೆ. ಮುಟ್ಟು, ಮೇಲಿಂದ ಮೇಲೆ ಹೆರಿಗೆ, ಜಂತುಹುಳ ಎಲ್ಲವೂ ಕಾರಣವೇ. ಆದರೂ ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುವ ರೂಢಿಯನ್ನು ಈ ಪಟ್ಟಿಯಿಂದ ಬಿಡಲಾಗದು. ವಿಪರ್ಯಾಸವೆಂದರೆ, ತಾಯಿ ರಕ್ತಹೀನಳಾಗಿದ್ದರೆ ಕಡಿಮೆ ತೂಕದ ಮಗು ಹುಟ್ಟುವ ಅಪಾಯವೂ ಹೆಚ್ಚು. ಯಾರಿಗಾಗಿ ಹೊಟ್ಟೆ ಕಟ್ಟಿದಳೋ ಆ ಮಗುವೇ ಅದರ ಬೆಲೆ ತೆರುತ್ತದೆ.

ತಾಯಿಯ ಈ ಸ್ವಭಾವ ಸರ್ಕಾರಗಳಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಹಣವನ್ನು ಅವಳ ಕೈಗೆ ಕೊಡುತ್ತವೆ. ಮಕ್ಕಳ ಭತ್ಯೆ ತಾಯಿಯ ಕೈಗೇ ಸೇರಬೇಕೆಂದು ಬ್ರಿಟನ್ನಿನಲ್ಲಿ ಎಲಿನರ್ ರಾತ್‌ಬೋನ್ ದಶಕಗಳ ಕಾಲ ಹೋರಾಡಿ, 1945ರ ಕಾನೂನಿನಲ್ಲಿ ಅದನ್ನು ಗೆದ್ದರು. ಅದೇ ದೇಶದಲ್ಲಿ 1970ರ ದಶಕದ ಕೊನೆಗೆ ಮಕ್ಕಳ ಹೆಸರಿನ ಸವಲತ್ತು ತಂದೆಯ ಸಂಬಳದಿಂದ ತಾಯಿಯ ಕೈಗೆ ವರ್ಗವಾದಾಗ ಮಕ್ಕಳ ಬಟ್ಟೆಬರೆಯ ಮೇಲಿನ ಖರ್ಚು ಹೆಚ್ಚಿದ್ದನ್ನು ಅರ್ಥಶಾಸ್ತ್ರಜ್ಞರು ಗುರುತಿಸಿದ್ದಾರೆ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆ ಪಡೆದ ನಮ್ಮ ‘ಗೃಹಲಕ್ಷ್ಮಿ’ಯ ತಿಂಗಳ 2,000 ರೂಪಾಯಿಯೂ ಇದೇ ದಾರಿಯದು. ಒಳ್ಳೆಯ ಯೋಜನೆ, ನಿಲ್ಲಬಾರದು. ಆದರೆ ಆ ಹಣ ಖಾತೆಗೆ ಬಿದ್ದ ದಿನ ಹೋಗುವುದು ಮಗಳ ಫೀಸಿಗೆ, ಮಗನ ಬಸ್ ಪಾಸಿಗೆ, ಸಂಘದ ಕಂತಿಗೆ. ತನ್ನ ರಕ್ತಪರೀಕ್ಷೆಗೆಂದು ಅದರಲ್ಲಿ ಇನ್ನೂರು ರೂಪಾಯಿ ಎತ್ತಿಡುವ ತಾಯಿ ಎಷ್ಟು ಮಂದಿ ಸಿಕ್ಕಾರು? ಅವಳ ಕೈಗೆ ಬಂದದ್ದೆಲ್ಲ ಅವಳಿಗೆ ಸೇರಿತೆಂದು ಲೆಕ್ಕ ಬರೆಯುವುದರಲ್ಲೇ ನಾವು ಎಡವುವುದು.

ಆದ್ದರಿಂದ ತಾಯಿಗೆ ಕೊಡುವುದರಲ್ಲಿ ಒಂದಿಷ್ಟಾದರೂ ಅವಳು ದಾನ ಮಾಡಲು ಆಗದಂಥದ್ದಿರಬೇಕು. ಕೂತು ಉಣ್ಣುವ ಬಿಸಿಯೂಟ ಅಂಥದ್ದು. ಅದು ಅರ್ಧ ಸೋತದ್ದು ಬೇರೆ ಕಾರಣಕ್ಕೆ. ಕೂಲಿ ಬಿಟ್ಟು ಮಧ್ಯಾಹ್ನ ಅಂಗನವಾಡಿಗೆ ಬರಲು ಎಲ್ಲರಿಂದಲೂ ಆಗದು. ಮಲೆನಾಡಿನ ಒಂಟಿಮನೆಯಿಂದ ತುಂಬು ಬಸುರಿ ಎರಡು ಗುಡ್ಡ ಇಳಿದು ಬರಲಾರಳು. ಹಸಿ ಬಾಣಂತಿಯನ್ನು ಹೊಸಿಲು ದಾಟಿಸದ ಮನೆಗಳೂ ಇವೆ. ಊಟವನ್ನು ಗದ್ದೆಯ ಬದುವಿಗೆ, ಕೆಲಸದ ಜಾಗಕ್ಕೆ ತಲುಪಿಸುವ ವ್ಯವಸ್ಥೆ ಬೇಕಿತ್ತು. ಅದರ ಬದಲು ಹಾಜರಿ ಪುಸ್ತಕ ನೋಡಿ ‘ಫಲಾನುಭವಿಗಳ ನಿರಾಸಕ್ತಿ’ ಎಂದು ಷರಾ ಬರೆಯುವುದು ಸುಲಭ.

ಇನ್ನೊಂದು, ಬಿಡುವು. ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಆರಂಭಿಸಿದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ಈ ದಿಕ್ಕಿನ ಹೆಜ್ಜೆ. ಮಗುವನ್ನು ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಹಾಕಿ ಮಣ್ಣು ಹೊರುವ ತಾಯಿಗೆ ಇದಕ್ಕಿಂತ ದೊಡ್ಡ ನೆರವಿಲ್ಲ.

ಕೊನೆಯದು ಹೆರಿಗೆಯ ಕೂಲಿ. ತೀರಾ ನಾಚಿಕೆಗೇಡಿನ ಕಥೆ ಇದು. 2017ರ ತಿದ್ದುಪಡಿಯಾದ ಮೇಲೆ ಕಂಪನಿಯ ಉದ್ಯೋಗಿಗೆ ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳ ಸಹಿತ ರಜೆ ಸಿಗುತ್ತದೆ. ಕೂಲಿಯವಳಿಗೆ? 2013ರ ಆಹಾರ ಭದ್ರತಾ ಕಾಯ್ದೆ, ಬೇರೆಡೆ ಇಂಥ ಸೌಲಭ್ಯ ಪಡೆಯದ ಪ್ರತಿ ಗರ್ಭಿಣಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದಂತೆ ಕೊಡಬೇಕೆಂದು ಹೇಳಿತು. ಅದನ್ನು ಪಾಲಿಸಲು ಬಂದ ‘ಮಾತೃ ವಂದನಾ’ ಯೋಜನೆ ಮೊದಲ ಮಗುವಿಗೆ 5,000ಕ್ಕೆ ಇಳಿಸಿತು. ಎರಡನೆಯದಕ್ಕೆ 6,000, ಅದೂ ಹೆಣ್ಣಾದರೆ ಮಾತ್ರ. ಹೆಸರಿನಲ್ಲಿ ವಂದನೆಯಿದೆ, ಮೊತ್ತದಲ್ಲಿ ಕಡಿತವಿದೆ. ಇಂದಿನ ಕೂಲಿಯ ದರದಲ್ಲಿ ಆ 5,000 ರೂಪಾಯಿ ಒಂದು ತಿಂಗಳಿಗೂ ಸಾಲದು. ಹಾಗಾಗಿ ಹೆತ್ತು ಎರಡು ತಿಂಗಳಾಗುವ ಮೊದಲೇ ಅವಳು ಗಾರೆ ಕೆಲಸಕ್ಕೆ ಮರಳುತ್ತಾಳೆ, ನಾವು ಅದನ್ನೂ ತ್ಯಾಗದ ಪಟ್ಟಿಗೆ ಸೇರಿಸುತ್ತೇವೆ.

ಕಾಯ್ದೆ ಹೇಳಿದ್ದನ್ನು ಪ್ರತಿ ಹೆರಿಗೆಗೂ ಕೊಡಲಿ, ಮೊತ್ತವನ್ನು ಕನಿಷ್ಠ ಕೂಲಿಗೆ ಜೋಡಿಸಿ ಕನಿಷ್ಠ ಮೂರು ತಿಂಗಳ ಗಳಿಕೆಯಷ್ಟಾದರೂ ಮಾಡಲಿ. ಕೇಂದ್ರ ಮನಸ್ಸು ಮಾಡುವವರೆಗೆ ವ್ಯತ್ಯಾಸವನ್ನು ರಾಜ್ಯವೇ ತುಂಬಿಕೊಡಬಹುದು. ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ, ಮುಂದಿನ ಬಜೆಟ್‌ನಲ್ಲಿ ಒಂದು ಸಾಲು ಸಾಕು.