ಏಟು ನಿಂತ ಮೇಲೂ



ಗಂಡನ ಮನೆ ಬಿಟ್ಟು ಹತ್ತು ವರ್ಷವಾದರೂ ರಾತ್ರಿ ಬಾಗಿಲು ಸದ್ದಾದರೆ ಎದೆ ನಡುಗುತ್ತದೆ ಎನ್ನುವವರು ನಮ್ಮ ಬೆಳಗೋಡಿನ ಸಂಘಗಳಲ್ಲೂ ಇದ್ದಾರೆ. ಇದು ಹುಚ್ಚಲ್ಲ. ಏಟು ನಿಂತರೂ ಮೈ ಇನ್ನೂ ಕಾವಲು ಕಾಯುತ್ತಿದೆ. 'ಮರೆತುಬಿಡು' ಎಂದರೆ ಹೋಗುವಂಥದ್ದಲ್ಲ.

ಸಮಾಲೋಚನೆ ಎಂದೊಡನೆ ಹಿಂಜರಿಯುತ್ತೀರಿ. ಸರಿಯೇ, ನೀವು ಕಂಡಿರುವುದು 'ಹೊಂದಿಕೊಂಡು ಹೋಗು' ಎಂದು ವಾಪಸು ಕಳಿಸುವ ಪಂಚಾಯಿತಿಯನ್ನು! ಮನೋಚಿಕಿತ್ಸೆ ಅದಲ್ಲ. ತರಬೇತಿ ಪಡೆದವರೆದುರು, ಗುಟ್ಟಾಗಿ, ನಮಗೆ ತಡೆಯುವಷ್ಟೇ ಹೇಳಿಕೊಳ್ಳುತ್ತಾ, ನೆನಪು ಬಂದಾಗ ಮೈ ನಡುಗದಂತೆ ನಿಧಾನವಾಗಿ ಕಲಿಯುವುದು. ತಿಂಗಳುಗಳೇ ಹಿಡಿಯಬಹುದು.

ಮೊದಲ ಹೆಜ್ಜೆಗೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೂ ಹೋಗಬೇಕಿಲ್ಲ. 2022ರಲ್ಲಿ ಶುರುವಾದ ಟೆಲಿಮಾನಸ್‌ಗೆ, 14416ಕ್ಕೆ, ಹಗಲಿರುಳು ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಏಟು ಇನ್ನೂ ಬೀಳುತ್ತಿದ್ದರೆ ಮೊದಲು 181. ಎರಡನ್ನೂ ಸಂಘದ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.